ಉತಾರ ಇದ್ದರೂ ಓದಿನ ಸಾಲವಿಲ್ಲ



ವಿದೇಶ ವ್ಯಾಸಂಗದ ಮಾತು ಬಂದಾಗಲೆಲ್ಲ ಚರ್ಚೆ ವೀಸಾ ಮತ್ತು ಏಜೆಂಟರ ಸುತ್ತಲೇ ಗಿರಕಿ ಹೊಡೆಯುತ್ತದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಒಕ್ಕಲುತನದ ಮನೆಗಳ ಮಕ್ಕಳು ಅಲ್ಲಿಯವರೆಗೆ ಹೋಗುವುದೇ ಕಷ್ಟ. ಬ್ಯಾಂಕಿನ ಬಾಗಿಲಲ್ಲೇ ಅವರ ದಾರಿ ಮುಗಿಯುತ್ತದೆ. ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚು 11,904 ಯೂರೋವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮುಂಗಡವಾಗಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅದು ವಿದ್ಯಾರ್ಥಿಯ ಕೈಗೆ ಬರುತ್ತದೆ. ನಮ್ಮ ರೂಪಾಯಿಯಲ್ಲಿ ಅದು 11 ಲಕ್ಷ ದಾಟುತ್ತದೆ. ಇತ್ತ ಅಡಮಾನವಿಲ್ಲದ ಶಿಕ್ಷಣ ಸಾಲಕ್ಕೆ ಕೇಂದ್ರದ ಖಾತರಿ ನಿಧಿ ಹೊಣೆ ಹೊರುವುದು 7.5 ಲಕ್ಷದವರೆಗೆ ಮಾತ್ರ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಾದರೋ ದೇಶದೊಳಗಿನ ಆಯ್ದ ಸಂಸ್ಥೆಗಳಿಗಷ್ಟೇ ಅನ್ವಯ.

ಆ ಮಿತಿ ದಾಟಿದರೆ ಬ್ಯಾಂಕು ಅಡಮಾನ ಕೇಳುತ್ತದೆ. ರೈತ ಹೊಲದ ಉತಾರ (ಪಹಣಿ) ಹಿಡಿದು ಹೋಗುತ್ತಾನೆ. ನೀರಾವರಿ ಇರುವ ನಾಲ್ಕು ಎಕರೆ ಕಬ್ಬಿನ ಹೊಲಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆಯೇ ಇದೆ. ಆದರೆ 2002ರ ಸರ್ಫೇಸಿ ಕಾಯ್ದೆಯ 31ನೇ ಕಲಂ ಕೃಷಿ ಜಮೀನನ್ನು ಆ ಕಾಯ್ದೆಯ ಜಪ್ತಿಯಿಂದ ಹೊರಗಿಟ್ಟಿರುವುದರಿಂದ ಬ್ಯಾಂಕುಗಳು ಆ ಉತಾರ ಬೇಡ, ಎನ್.ಎ. (ಕೃಷಿಯೇತರ) ಪ್ಲಾಟ್ ಅಥವಾ ಪಟ್ಟಣದ ಮನೆ ತನ್ನಿ ಎನ್ನುತ್ತವೆ. ಜೊತೆಗೆ ಐ.ಟಿ. ರಿಟರ್ನ್ ಕೇಳುತ್ತವೆ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದವನು ರಿಟರ್ನ್ ಎಲ್ಲಿಂದ ತರಬೇಕು? ಬ್ರಿಟನ್ನಿನ ನಿಯಮವಂತೂ ಬೇಕಾದ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕೆನ್ನುತ್ತದೆ. ನಮ್ಮ ಕಡೆ ಕಬ್ಬಿನ ಬಿಲ್ಲು ಜಮಾ ಆದ ದಿನವೇ ಪಿಕೆಪಿಎಸ್ (ಕೃಷಿ ಸಹಕಾರ ಸಂಘ) ಸಾಲಕ್ಕೆ, ಗೊಬ್ಬರದ ಬಾಕಿಗೆ ಮುರಿದುಹೋಗುತ್ತದೆ. ಹೀಗೆ ಕೋಟಿ ಬೆಲೆಯ ಹೊಲವಿದ್ದವನೂ ಕಾಗದದ ಮೇಲೆ ಬರಿಗೈ. ಉಳಿದದ್ದು ಹೆಚ್ಚು ಬಡ್ಡಿಯ ಖಾಸಗಿ ಫೈನಾನ್ಸ್, ಇಲ್ಲವೇ ಹೊಲ ಮಾರಾಟ.

ಹಾಗಾದರೆ ಕೃಷಿ ಜಮೀನನ್ನೂ ಜಪ್ತಿಗೆ ಒಳಪಡಿಸಿ ಎಂದು ನಾನು ಕೇಳುತ್ತಿಲ್ಲ. ಆ ರಕ್ಷಣೆ ಇರಲೇಬೇಕು. ಮಗನ ಕೆಲಸ ಹೋದರೆ ಅಪ್ಪನ ಹೊಲ ಹೋಗಬಾರದು. ನನ್ನ ಬೇಡಿಕೆ ಇಷ್ಟು: 7.5 ಲಕ್ಷದ ಮೇಲಿನ ಭಾಗಕ್ಕೆ, 20 ಲಕ್ಷದವರೆಗೆ, ಕೃಷಿ ಕುಟುಂಬದ ವಿದ್ಯಾರ್ಥಿಗೆ ರಾಜ್ಯ ಸರ್ಕಾರ ಜಾಮೀನು ನಿಲ್ಲಲಿ. ಪರಿಶಿಷ್ಟರಿಗೆ ವಿದೇಶ ವ್ಯಾಸಂಗದ ಪ್ರಬುದ್ಧ ಯೋಜನೆಯಿದೆ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳಲ್ಲಿ ಸಾಲದ ಯೋಜನೆಗಳಿವೆ, ಅವು ಮುಂದುವರಿಯಲಿ. ಜಾಮೀನೆಂದರೆ ಮುಂದೆ ಸಾಲಮನ್ನಾ ಎಂದು ಬ್ಯಾಂಕಿನವರು ಮೂಗು ಮುರಿಯಬಹುದು. ಆ ಭಯ ಸುಳ್ಳೆನ್ನಲಾರೆ. ಅದಕ್ಕೇ ಜಾಮೀನು ಮುಕ್ಕಾಲು ಪಾಲಿಗಷ್ಟೇ ಇರಲಿ, ಹಣ ನೇರ ವಿಶ್ವವಿದ್ಯಾಲಯಕ್ಕೆ ಅಥವಾ ಬ್ಲಾಕ್ಡ್ ಅಕೌಂಟ್‌ಗೆ ಹೋಗಲಿ, ಪ್ರವೇಶಪತ್ರವನ್ನು ಬ್ಯಾಂಕೇ ವಿಶ್ವವಿದ್ಯಾಲಯಕ್ಕೆ ಬರೆದು ಖಚಿತಪಡಿಸಿಕೊಳ್ಳಲಿ. ಜಲಂಧರ್‌ನ ಏಜೆಂಟನೊಬ್ಬನ ನಕಲಿ ಪ್ರವೇಶಪತ್ರಗಳ ಹಗರಣ 2023ರಲ್ಲಿ ಬಯಲಾದ ಮೇಲೆ ಕೆನಡಾ ಸರ್ಕಾರವೇ ಆ ವರ್ಷದ ಡಿಸೆಂಬರ್‌ನಿಂದ ಹೀಗೆ ಪರಿಶೀಲಿಸುತ್ತಿದೆ. ಬ್ಯಾಂಕೂ ಹೀಗೆ ಮಾಡಿದರೆ ಏಜೆಂಟರ ಆಟವೂ ಅರ್ಧ ಕಡಿಮೆಯಾಗುತ್ತದೆ.

ಹೋದವರು ತಿರುಗಿ ಬರುವುದಿಲ್ಲ, ಅವರಿಗೇಕೆ ಸರ್ಕಾರದ ಹೊಣೆ ಎನ್ನುವವರೂ ಇದ್ದಾರೆ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ ಮರಳಿದರು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದರು. ಎಲ್ಲರೂ ಪಾವಟೆ ಆಗುವುದಿಲ್ಲ, ಒಪ್ಪಿದೆ. ಆದರೆ ಜಾಮೀನು ದಾನವಲ್ಲ. ಅಲ್ಲೇ ಉಳಿದವನೂ ಸಾಲ ತೀರಿಸಲೇಬೇಕು. ಇದೇ ಜಿಲ್ಲೆಯ ಶಿರಸಂಗಿ ದೇಸಾಯಿ ಲಿಂಗರಾಜರು ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಒಬ್ಬ ದೇಸಾಯಿ ಅಷ್ಟು ಮಾಡಿದ ಜಿಲ್ಲೆಯಲ್ಲಿ ಸರ್ಕಾರ ಒಂದು ಜಾಮೀನಿಗೆ ಹಿಂಜರಿಯಬೇಕಿಲ್ಲ. ಜರ್ಮನಿಯ ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿ ಹಾಕಲು ಅನೇಕ ಕಡೆ ಜುಲೈ 15 ಕೊನೆಯ ದಿನ. ಮಾರ್ಚ್‌ನ ಬಜೆಟ್‌ನಲ್ಲಿ ಈ ಜಾಮೀನು ಘೋಷಣೆಯಾಗಿ, ಏಪ್ರಿಲ್‌ನೊಳಗೆ ಜಿಲ್ಲೆಯ ಬ್ಯಾಂಕುಗಳಿಗೆ ಆದೇಶ ತಲುಪಿದರೆ ಅದೇ ವರ್ಷದ ವಿದ್ಯಾರ್ಥಿಗಳಿಗೆ ಉಪಯೋಗವಾದೀತು.

ಇತಿ,
ಒಬ್ಬ ಓದುಗ, ನಿಡಸೋಸಿ, ತಾ. ಹುಕ್ಕೇರಿ