"ಏನೂ ಹಾಕಿಲ್ಲಮ್ಮ" ಅನ್ನೋ ಮಾತು ಬಿಡೋಣ

ನಿನ್ನೆ ಸಂಜೆ ಡೈರಿ ಹತ್ರ ಹಾಲು ಹಾಕೋಕೆ ನಿಂತಿದ್ದಾಗ ನಾಲ್ಕು ಜನ ಸೇರಿ ಸಿಟಿಯ ವೀಗನ್ ಜನರನ್ನ ಆಡಿಕೊಂಡು ನಗ್ತಿದ್ರು. "ಹಾಲು ಬೇಡ, ತುಪ್ಪ ಬೇಡ, ಜೇನೂ ಬೇಡ ಅಂತಾರಲ್ಲ, ಇವರಿಗೆ ಹುಲ್ಲು ಹಾಕಬೇಕು" ಅಂತ. ಹೋದ ವರ್ಷದವರೆಗೆ ನಾನೂ ಹಂಗೇ ನಗ್ತಿದ್ದೆ. ಈಗ ಆಗಲ್ಲ. ಯಾಕೆ ಅಂತ ಬರೀತೀನಿ, ಬೇಜಾರಾದ್ರೆ ಆಗಲಿ.

ನಾನು ಭಾನುವಾರ ಭಾನುವಾರ ಕನಕಪುರ ರಸ್ತೆ ಹಿಡಿದು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿಗೆ ಸೊಪ್ಪು, ಕಾಳು ತಗೊಂಡು ಹೋಗೋದು ನಿಮಗೆ ಗೊತ್ತು. ಜೊತೆಗೆ ನಮ್ಮ ಮನೆಯವರು ಮಾಡೋ ಹುಚ್ಚೆಳ್ಳು ಚಟ್ನಿಪುಡಿ. ಅಲ್ಲಿ ಒಬ್ಬ ಹೆಣ್ಣುಮಗಳು, ನನ್ನ ಮಗಳ ವಯಸ್ಸು, ತಗೊಳ್ಳೋ ಮುಂಚೆ ಕೇಳೋರು: "ಅಂಕಲ್, ಇದರಲ್ಲಿ ಹಾಲಿಂದು ಏನಾದ್ರೂ ಇದೆಯಾ?" ನಾನು ಪ್ರತಿ ಸಲ "ಏನೂ ಹಾಕಿಲ್ಲಮ್ಮ, ಪ್ಯೂರ್ ವೆಜ್ಜು" ಅಂತಿದ್ದೆ. ಹುಚ್ಚೆಳ್ಳಿಗೆ ಹಾಲು ಎಲ್ಲಿಂದ ಬರಬೇಕು? ಮೂರು ತಿಂಗಳು ತಗೊಂಡ್ರು. ಒಂದು ದಿನ, "ಇದರ ಹುಳಿ ಹುಣಸೆಹಣ್ಣಿಂದ್ ಥರ ಇಲ್ವಲ್ಲ ಅಂಕಲ್, ಏನು ಹಾಕ್ತೀರಾ?" ಅಂದ್ರು. ನಾನು ಹೆಮ್ಮೆಯಿಂದ ಹೇಳಿದೆ: "ಅದು ಮಜ್ಜಿಗೆ ಮೆಣಸಿನಕಾಯಮ್ಮ! ಮನೇಲೇ ನೆನೆಸಿ, ಒಣಗಿಸಿ, ಹುರಿದು ಕುಟ್ಟಿ ಹಾಕಿರೋದು."

ಹೇಳಿ ಮುಗಿಸಿದ ಮೇಲೆ ನನಗೇ ಹೊಳೀತು.

ಅವರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. "ನಾನು ಹಾಲಿನ ಪದಾರ್ಥ ಬಿಟ್ಟು ನಾಲ್ಕು ವರ್ಷ ಆಯ್ತು ಅಂಕಲ್. ಅದು ಹೋಗಲಿ, ನನ್ನ ಮಗನಿಗೆ ಹಾಲು ಅಲರ್ಜಿ. ಖಾರ ತಿನ್ನಲ್ಲ ಅಂತ ಅವನಿಗೆ ಕೊಟ್ಟಿರಲಿಲ್ಲ ಅಷ್ಟೆ" ಅಂದ್ರು. ಅಂಥ ಅಲರ್ಜಿ ಜೋರಾಗಿರೋ ಮಕ್ಕಳಿಗೆ ಸ್ವಲ್ಪ ತಿಂದರೂ ತುಟಿ ಊದಿ ಉಸಿರು ಕಟ್ಟುತ್ತಂತೆ. ಆ ದಿನ ಉಳಿದ ಪೊಟ್ಟಣ ಎಲ್ಲಾ ವಾಪಸ್ ತಂದೆ. ದಾರಿಯುದ್ದಕ್ಕೂ ಗಾಡಿ ಓಡಿಸಿದ್ದೇ ಗೊತ್ತಾಗಲಿಲ್ಲ.

ಬೇಕಂತ ಸುಳ್ಳು ಹೇಳಿರಲಿಲ್ಲ, ನಿಜ. ಆದ್ರೆ ಮನೇಲಿ ಒಂದು ಮಾತು ವಿಚಾರಿಸದೆ ಮೂರು ತಿಂಗಳು ಉತ್ತರ ಕೊಟ್ಟಿದ್ದೆ. ತೂಕದಲ್ಲಿ ನೂರು ಗ್ರಾಂ ಹೊಡೆದರೆ ದಳ್ಳಾಳಿಯನ್ನ ಕಳ್ಳ ಅಂತೀವಲ್ಲ, ನಾನು ಮಾಡಿದ್ದಕ್ಕೆ ಏನು ಹೆಸರು?

"ಪ್ಯೂರ್ ವೆಜ್ ಅಂದ್ರೆ ಸಾಕಲ್ವಾ" ಅಂತೀರಾ. ಸಾಕಾಗಲ್ಲ. ಪಾಕೆಟ್ ಮೇಲಿನ ಹಸಿರು ಚುಕ್ಕೆ ಮಾಂಸ, ಮೀನು, ಮೊಟ್ಟೆ ಇಲ್ಲ ಅಂತ ಹೇಳುತ್ತೆ. ಹಾಲು, ಜೇನು, ಜೇನುಮೇಣ, ಅರಗು ಇದ್ರೂ ಅದು ಹಸಿರು ಚುಕ್ಕೆಯೇ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೂರಿಸ್ತಾರಲ್ಲ, ಅದೇ ಹುಳದ ಅರಗು. ಮಿಠಾಯಿ ಹೊಳೀಲಿ ಅಂತ ಸವರ್ತಾರೆ. ಪಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ 904 ಅಂತ ಇದ್ರೆ ಅರಗು, 901 ಅಂತ ಇದ್ರೆ ಜೇನುಮೇಣ. ಮಸಾಲೆ ಚಿಪ್ಸ್, ಬ್ರೆಡ್ಡು, ಬಿಸ್ಕತ್ತು ತಿರುಗಿಸಿ ನೋಡಿ, ಎಷ್ಟೋ ಕಡೆ ಹಾಲಿನ ಪುಡಿ ಅಂತಲೋ ವೇ ಪೌಡರ್ ಅಂತಲೋ ಇರುತ್ತೆ. ಹಾಲು ಒಡೆಸಿ ಪನೀರ್ ತೆಗೆದ ಮೇಲೆ ಉಳಿಯೋ ನೀರನ್ನ ಒಣಗಿಸಿದ್ದು ಅದು. ಇಷ್ಟೆಲ್ಲಾ ಇರೋದಕ್ಕೇ ಎಫ್‌ಎಸ್‌ಎಸ್‌ಎಐನವರು 2022ರಲ್ಲಿ ವೀಗನ್ ಆಹಾರಕ್ಕೆ ಬೇರೆ ನಿಯಮ ತಂದ್ರು. ಅದಕ್ಕೆ ಇಂಗ್ಲಿಷಿನ 'ವಿ' ಅಕ್ಷರದ ಹಸಿರು ಗುರುತು. ಅನುಮತಿ ಇಲ್ಲದೆ ಅದನ್ನ ನಾವೇ ಪ್ರಿಂಟ್ ಹಾಕಿಸಿ ಅಂಟಿಸೋ ಹಂಗಿಲ್ಲ, ಬುದ್ಧಿವಂತಿಕೆ ಮಾಡೋಕೆ ಹೋಗ್ಬೇಡಿ.

ಇನ್ನು "ಇವರು ನಮ್ಮ ಡೈರಿ ಹೊಟ್ಟೆ ಮೇಲೆ ಹೊಡೀತಾರೆ" ಅನ್ನೋ ಮಾತು. ನನ್ನ ಹತ್ರಾನೂ ಎರಡು ಹಸು ಇವೆ, ಎರಡೂ ಹೊತ್ತು ಹಾಲು ಹಾಕ್ತೀನಿ. ನಮಗೆ ಹಾಲಲ್ಲಿ ಹೊಡೆತ ಬೀಳ್ತಿರೋದು ಹಿಂಡಿ ರೇಟಿಂದ, ಹಸಿಮೇವಿಲ್ಲದ ಬೇಸಿಗೆಯಿಂದ. ಬಿಟಿಎಂ ಲೇಔಟಲ್ಲಿ ಯಾರೋ ಮೊಸರು ತಿನ್ನದೆ ಮಲಗಿದ್ರೆ ಅದರಿಂದಲ್ಲ. ಮೊಸರು ಬಿಟ್ಟ ಆ ಮನುಷ್ಯ ರಾತ್ರಿ ಊಟಕ್ಕೆ ಏನು ತಿಂತಾನೆ, ಅದನ್ನ ಯೋಚನೆ ಮಾಡ್ರಪ್ಪಾ. ಕಾಳು ತಿನ್ನಬೇಕು, ಸೊಪ್ಪು ತಿನ್ನಬೇಕು. ಅದನ್ನ ಬೆಳೆಯೋರು ಯಾರು?

ನಮ್ಮ ಬಸ್ಸಾರು ತಗೊಳ್ಳಿ. ದಂಟು, ಕೀರೆ, ಇರೋ ಸೊಪ್ಪೆಲ್ಲಾ ಹುರುಳಿಯೋ ತಡಗುಣಿಯೋ ಹಾಕಿ ಬೇಯಿಸಿ ಬಸಿದ್ರೆ, ಕಟ್ಟು ಸಾರಾಯ್ತು, ಸೊಪ್ಪುಕಾಳು ಪಲ್ಯ ಆಯ್ತು. ಒಂದು ಹನಿ ಹಾಲಿಲ್ಲ. ಈಗ ಸೊಗಡಿನ ಕಾಲ, ಹಿತಕಿದ ಅವರೆ ಸಾರಿಗೂ ಬೇಕಿರೋದು ಕಾಯಿ, ಮಸಾಲೆ ಅಷ್ಟೆ. ಹಬ್ಬದ ಒತ್ತು ಶಾವಿಗೆಗೆ ನಮ್ಮಜ್ಜಿ ಕಾಲದಿಂದ ಕಾಯಿಹಾಲೇ. ಪೆಟ್ಟಿಗೆಯಲ್ಲಿ ಬರೋ ಬಾದಾಮಿ ಹಾಲು ದುಬಾರಿ ಅಂತ ಒಬ್ಬ ಹುಡುಗ ನನ್ನ ಹತ್ರ ಗೋಳಾಡಿದ. ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದೆ. ಹಂಗಂತ ಕಣ್ಣು ಮುಚ್ಚಿ ನಮ್ಮ ಊಟ ಎಲ್ಲಾ ವೀಗನ್ ಅನ್ನಬೇಡಿ. ಮುದ್ದೆ ಮೇಲೆ ತುಪ್ಪ ಯಾರು ಬಿಡ್ತಾರೆ, ಬದನೆಕಾಯಿ ಸಾರಿಗೆ ಒಣ ಸೀಗಡಿ ಯಾರ ಮನೇಲಿ ಬೀಳುತ್ತೆ ಅಂತ ನಮಗೇ ಗೊತ್ತು!

ಅವರನ್ನೂ ಪೂರ್ತಿ ಒಪ್ಪಲ್ಲ ನಾನು. ಒಬ್ಬರು "ಸಗಣಿ ಗೊಬ್ಬರ ಹಾಕದ ಸೊಪ್ಪು ಇದೆಯಾ" ಅಂದ್ರು. "ಇಲ್ಲ ಸಾರ್, ಸಗಣಿ, ಗಂಜಲ, ಜೀವಾಮೃತ ಎಲ್ಲಾ ಹಾಕ್ತೀನಿ, ಬೇಡ ಅಂದ್ರೆ ಬಿಡಿ" ಅಂದೆ. ಅವರು ಬಿಟ್ರು, ಒಂದು ಗಿರಾಕಿ ಹೋಯ್ತು. ಇರಲಿ. ಮೂಳೆಪುಡಿ ಹಾಕಿ ಬೆಳೆದ ಟೊಮೇಟೊಗೆ ವೀಗನ್ ಅಂತ ಬೋರ್ಡ್ ಹಾಕಿ ಮಾರೋದಕ್ಕಿಂತ ಇದು ವಾಸಿ.

ಈಗ ನಮ್ಮ ಚಟ್ನಿಪುಡಿ ಎರಡು ಥರ. ಮಜ್ಜಿಗೆ ಮೆಣಸಿನಕಾಯಿದು ಒಂದು, ಒಣಮೆಣಸಿನಕಾಯಿದು ಇನ್ನೊಂದು. ಒರಳು ಒಂದೇ ಆಗಿರೋದ್ರಿಂದ ಎರಡನೇದನ್ನ ಮೊದಲು ಕುಟ್ಟಿ, ಆಮೇಲೆ ಮಜ್ಜಿಗೇದು ಕುಟ್ಟಿ ಒರಳು ತೊಳೀತಾರೆ. ಆದ್ರೂ ಅಲರ್ಜಿ ಇರೋ ಮಗುವಿಗೆ ಕೊಡಬೇಡಿ ಅಂತ ಬಾಯಿಬಿಟ್ಟು ಹೇಳ್ತೀನಿ. ಏನೇನು ಹಾಕಿದೆ ಅಂತ ಮಗಳು ಚೀಟಿ ಬರೆದು ಅಂಟಿಸ್ತಾಳೆ. ಆ ಹೆಣ್ಣುಮಗಳು ಎರಡು ತಿಂಗಳು ಬರಲಿಲ್ಲ. ಆಮೇಲೆ ಬಂದ್ರು, ಚೀಟಿ ಪೂರ್ತಿ ಓದಿ ಎರಡು ಪೊಟ್ಟಣ ತಗೊಂಡ್ರು.

ಈ ಭಾನುವಾರಕ್ಕೆ ಅವರ ಕಡೆಯವರೇ ಹತ್ತು ಕೆಜಿ ಹುರುಳಿ ಕೇಳಿದ್ದಾರೆ, ನನ್ನ ಹತ್ರ ನಾಲ್ಕೇ ಇರೋದು. ಯಾರ ಹತ್ರ ಇದೆಯೋ ಶನಿವಾರ ಸಂಜೆ ಒಳಗೆ ಮನೆ ಹತ್ರ ತಂದುಕೊಡಿ. ಕಲ್ಲು ಆರಿಸಿರಬೇಕು, ಹುಳಕ್ಕೆ ಏನಾದ್ರೂ ಪುಡಿ ಹಾಕಿದ್ರೆ ಮೊದಲೇ ಹೇಳಬೇಕು.