ಸಮಾನತೆಗೂ ತಾಲೀಮು ಬೇಕು

ಸಿಖ್ ಹೆಂಗಸರು ಮತ್ತು ಹೆಣ್ಣುಮಕ್ಕಳಿಗೆಂದೇ ನಡೆಯುವ ಅಧ್ಯಾತ್ಮ ಶಿಬಿರಗಳ ಮಾತು ಬಂದಾಗಲೆಲ್ಲ ಒಂದು ಆಕ್ಷೇಪ ಏಳುತ್ತದೆ: ಗಂಡು ಹೆಣ್ಣೆಂಬ ಮೇಲುಕೀಳನ್ನು ಮೊದಲಿನಿಂದಲೇ ಅಲ್ಲಗಳೆದ ಧರ್ಮಕ್ಕೆ ಹೆಂಗಸರ ಪ್ರತ್ಯೇಕ ಶಿಬಿರವೇಕೆ? ಗುಜರಾತಿನಲ್ಲಿರುವ ಕನ್ನಡಿಗರಿಗೆ ಇದು ದೂರದ ಪ್ರಶ್ನೆಯಲ್ಲ. ಅಹಮದಾಬಾದಿನ ವಸ್ತ್ರಾಪುರದಿಂದ ತುಸು ದೂರದ ಥಲ್ತೇಜ್‌ನಲ್ಲೇ ಗುರುದ್ವಾರವಿದೆ. 1699ರಲ್ಲಿ ಗುರು ಗೋಬಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಮುಂದೆ ಬಂದ ಐವರಲ್ಲಿ ಒಬ್ಬ ದ್ವಾರಕೆಯವನು, ಇನ್ನೊಬ್ಬ ನಮ್ಮ ಬೀದರಿನವನು. ಹಾಗಾಗಿ ಈ ಪ್ರಶ್ನೆಗೆ ಉತ್ತರವನ್ನು ಪಂಜಾಬಿನಲ್ಲಷ್ಟೇ ಹುಡುಕಬೇಕಾಗಿಲ್ಲ. ಬೀದರ್ ಮತ್ತು ಅಹಮದಾಬಾದಿನ ಚರಿತ್ರೆಯಲ್ಲೂ ಸಾಕಷ್ಟು ಸಾಕ್ಷ್ಯವಿದೆ. ಸಮಾನತೆಯನ್ನು ಘೋಷಿಸಿದರೆ ಸಾಲದು, ಅದನ್ನು ರೂಢಿ ಮಾಡಿಸುವ ತಾಲೀಮು ಬೇಕು; ಪ್ರತ್ಯೇಕ ಶಿಬಿರ ಆ ತಾಲೀಮಿನ ಜಾಗವಾಗಿರುವಷ್ಟು ಕಾಲ ಅದಕ್ಕೆ ಅರ್ಥವಿದೆ ಎಂಬುದು ನನ್ನ ವಾದ.

ಮೊದಲು ತತ್ವಕ್ಕೂ ರೂಢಿಗೂ ಇರುವ ಅಂತರವನ್ನು ನೋಡೋಣ. ರಾಜರನ್ನು ಹೆತ್ತವಳನ್ನು ಹಳಿಯುವುದೆಂತು ಎಂದು ಗುರು ನಾನಕರು ‘ಆಸಾ ದೀ ವಾರ್’ನಲ್ಲಿ ಕೇಳಿದರು. ಮೂರನೆಯ ಗುರು ಅಮರದಾಸರು ಸತಿಯನ್ನೂ ಪರದೆಯನ್ನೂ ವಿರೋಧಿಸಿದರು. ಲಂಗರ್ ನಡೆಸಿದ ಮಾತಾ ಖೀವಿಯ ಹೆಸರು ಗುರು ಗ್ರಂಥ ಸಾಹಿಬ್‌ನಲ್ಲೇ ದಾಖಲಾಗಿದೆ. 1925ರ ಗುರುದ್ವಾರ ಕಾಯ್ದೆ ಹೆಂಗಸರಿಗೂ ಮತದ ಹಕ್ಕು ಕೊಟ್ಟಿತು. ಆದರೆ ಅದೇ ಕಾಯ್ದೆಯಡಿ ನಡೆಯುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಗೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಬೀಬಿ ಜಾಗೀರ್ ಕೌರ್ ಬಂದದ್ದು 1999ರಲ್ಲಿ. ಅಮೃತಸರದ ಸ್ವರ್ಣಮಂದಿರವಾದ ದರ್ಬಾರ್ ಸಾಹಿಬ್‌ನ ಒಳಗೆ ಹೆಂಗಸರಿಗೂ ಕೀರ್ತನೆಗೆ ಅವಕಾಶ ಕೊಡಿ ಎಂದು ಪಂಜಾಬ್ ವಿಧಾನಸಭೆ ನಿರ್ಣಯ ಮಾಡಬೇಕಾಗಿ ಬಂದದ್ದು 2019ರಲ್ಲಿ. ಗ್ರಂಥ ಒಪ್ಪಿದ್ದನ್ನು ಕಟ್ಟಳೆ ಒಪ್ಪಲು, ಕಟ್ಟಳೆ ಒಪ್ಪಿದ್ದನ್ನು ರೂಢಿ ಒಪ್ಪಲು ತಲೆಮಾರುಗಳೇ ಹಿಡಿಯುತ್ತವೆ.

ಈ ತಡಕ್ಕೆ ದ್ವೇಷವೊಂದೇ ಕಾರಣವಲ್ಲ. ಅಭ್ಯಾಸದ ಅಭಾವವೂ ಕಾರಣ. ಗುರುದ್ವಾರದ ಒಂದು ಕೆಲಸವನ್ನೇ ತೆಗೆದುಕೊಳ್ಳಿ. ಹುಕುಂ, ಎಂದರೆ ಆ ದಿನದ ಗುರುವಾಕ್ಯ, ಓದಬೇಕಾದವರು ಪಾಲ್ಕಿಯ ಹಿಂದೆ ಕುಳಿತು, ರುಮಾಲು ಸರಿಸಿ, 1430 ಪುಟಗಳ ಗ್ರಂಥವನ್ನು ತೆರೆದು, ಎಡಪುಟದ ಮೇಲ್ತುದಿಯಲ್ಲಿರುವ ಶಬದ್ ಹಿಡಿಯಬೇಕು. ಅದು ಹಿಂದಿನ ಪುಟದಲ್ಲಿ ಶುರುವಾಗಿದ್ದರೆ ಹಾಳೆ ತಿರುವಿ ಮೊದಲಿನಿಂದ ಓದಬೇಕು. ಗುರುಮುಖಿ ತಡವರಿಸಬಾರದು, ನೆರೆದ ಇಡೀ ಸಂಗತ್ ಕೇಳುತ್ತಿರುವಾಗ ದನಿ ನಡುಗಬಾರದು. ಇದು ಕೇಳಿ ಕಲಿಯುವ ವಿದ್ಯೆಯಲ್ಲ, ಮಾಡಿ ಕಲಿಯುವಂಥದ್ದು. ವಾರದ ಸಭೆಯಾದ ದಿವಾನ್‌ನಲ್ಲಿ ಈ ಕೆಲಸ ಬಲ್ಲವರ ಪಾಲಿಗೇ ಹೋಗುತ್ತದೆ. ಬಲ್ಲವರು ಬಹುಪಾಲು ಗಂಡಸರು. ಹೆಂಗಸರು ಲಂಗರಿನ ರೊಟ್ಟಿಯ ಕಡೆ ನಡೆಯುತ್ತಾರೆ. ಯಾರೂ ತಡೆಯದಿದ್ದರೂ ಹುಡುಗಿಗೆ ಸರದಿ ಬರುವುದಿಲ್ಲ. ಹೆಂಗಸರ ಶಿಬಿರದಲ್ಲಿ ಅಮೃತವೇಳೆಯ ಜಪಜೀ ಪಠಣದಿಂದ ಹಿಡಿದು ಅರ್ದಾಸ್ ಪ್ರಾರ್ಥನೆ, ಹಾರ್ಮೋನಿಯಂ, ತಬಲಾ, ಗತ್ಕಾ ವರಸೆಯವರೆಗೆ ಎಲ್ಲವೂ ಅವರ ಹೆಗಲಿಗೇ ಬೀಳುತ್ತದೆ. ತಪ್ಪಿದರೆ ತಿದ್ದುವವಳೂ ಹೆಂಗಸೇ. ಭಾಯಿ ತಖ್ತ್ ಸಿಂಗ್ 1892ರಲ್ಲಿ ಫಿರೋಜ್‌ಪುರದಲ್ಲಿ ಸಿಖ್ ಕನ್ಯಾ ಮಹಾವಿದ್ಯಾಲಯ ತೆರೆದಾಗಲೂ ಹೆಣ್ಣುಮಕ್ಕಳ ಕಲಿಕೆಗೆ ಅವರದೇ ಆದ ಜಾಗ ಬೇಕೆಂಬ ತಿಳಿವಳಿಕೆಯೇ ಕೆಲಸ ಮಾಡಿತ್ತು.

ಇನ್ನು ಬೀದರಿಗೆ ಬರೋಣ. ನಾನಕ್ ಝೀರಾ ಗುರುದ್ವಾರ ಹೆಸರುವಾಸಿ. ಬೀದರಿಗೆ ಹತ್ತಿರವೇ ಇರುವ ಜನವಾಡ ಅಷ್ಟಿಲ್ಲ. ಆನಂದಪುರದ ಮುತ್ತಿಗೆಯಲ್ಲಿ ಗುರು ಗೋಬಿಂದ ಸಿಂಗರನ್ನು ಬಿಟ್ಟು ಬಂದ ನಲವತ್ತು ಮಂದಿಯನ್ನು ಮತ್ತೆ ರಣಕ್ಕೆ ಕರೆದೊಯ್ದು, 1705ರಲ್ಲಿ ಮುಕ್ತಸರದಲ್ಲಿ ಕಾದಿದ ಮಾಯಿ ಭಾಗೋ, ಗುರುವಿನ ನಿಧನದ ನಂತರ ನಾಂದೇಡದಿಂದ ಬಂದು ಕೊನೆಯವರೆಗೆ ತಪಸ್ಸಿಗೆ ಕುಳಿತದ್ದು ಅಲ್ಲಿ ಎಂದು ಸಿಖ್ ಪರಂಪರೆ ಹೇಳುತ್ತದೆ. ಆಕೆ ನೆಲೆಸಿದ ಸ್ಥಳ ಇಂದು ಗುರುದ್ವಾರ. ಒಬ್ಬ ಅಸಾಧಾರಣ ಹೆಣ್ಣಿಗೆ ಏಕಾಂತ ಒದಗಿತು, ಸರಿ. ಸಾಧಾರಣ ಹೆಣ್ಣಿಗೆ? ಅದೇ ಜಿಲ್ಲೆಯ ಕಲ್ಯಾಣ ಇದಕ್ಕೆ ಕಹಿಯಾದ ಉತ್ತರ ಕೊಡುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯೂ ಸೇರಿ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ಬರೆದರು. ಕಲ್ಯಾಣ ಚದುರಿದ ಮೇಲೆ ಆ ಸಾಲು ಮುಂದುವರಿಯಲಿಲ್ಲ. ಮಠಗಳು ಗಂಡಸರ ಕೈಯಲ್ಲಿ ಬೆಳೆದವು. ಮಾತೆ ಮಹಾದೇವಿ ಜಗದ್ಗುರು ಪೀಠವೇರಿದ್ದು 1970ರಲ್ಲಿ. ನಡುವೆ ಎಂಟು ಶತಮಾನ! ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಒಬ್ಬ ಶರಣೆ ಇನ್ನೊಬ್ಬಳನ್ನು ತಯಾರು ಮಾಡುವ ವ್ಯವಸ್ಥೆ ಬೇರೂರದೆ ಹೋದದ್ದು ದೊಡ್ಡ ಕಾರಣವೆಂದೇ ನನಗೆ ತೋರುತ್ತದೆ.

ಪ್ರತ್ಯೇಕತೆ ರೂಢಿಯಾಗಿ, ಹೆಂಗಸರು ತಮ್ಮ ಮೂಲೆಯಲ್ಲೇ ತೃಪ್ತರಾಗಿಬಿಡುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅಹಮದಾಬಾದು ಇದಕ್ಕೊಂದು ಉತ್ತರ ಕಂಡುಕೊಂಡಿದೆ. ಇಲ್ಲಿನ ಗಿರಣಿ ಕಾರ್ಮಿಕರ ಸಂಘವಾದ ಮಜೂರ್ ಮಹಾಜನ್ ಕಟ್ಟಿದವರಲ್ಲಿ ಅನಸೂಯಾ ಸಾರಾಭಾಯಿ ಮುಖ್ಯರು. ಹೆಣ್ಣೇ ಮುಂದಾಳಾಗಿದ್ದ ಸಂಘದಲ್ಲೂ ತಲೆಹೊರೆ ಹೊರುವ, ಹಳೆಬಟ್ಟೆ ಮಾರುವ ಹೆಂಗಸರ ದನಿ ಗಟ್ಟಿಯಾಗಲು ಇಳಾ ಭಟ್ 1972ರಲ್ಲಿ ಅವರದೇ ಸಂಘ ‘ಸೇವಾ’ವನ್ನು ಕಟ್ಟಬೇಕಾಯಿತು. 1981ರಲ್ಲಿ ಅದು ಮಾತೃಸಂಘದಿಂದ ಹೊರಬಿದ್ದಿತು. ಹೊರಬಿದ್ದ ‘ಸೇವಾ’ ಮೂಲೆ ಸೇರಲಿಲ್ಲ. ಬ್ಯಾಂಕು, ಸರ್ಕಾರ, ಅಂತಾರಾಷ್ಟ್ರೀಯ ಕಾರ್ಮಿಕ ವೇದಿಕೆಗಳ ಮುಂದೆ ನಿಂತು ವಾದ ಮಾಡಿತು. ಬೇರೆ ಕುಳಿತದ್ದು ಸಾರ್ವಜನಿಕಕ್ಕೆ ಬರುವ ಸಿದ್ಧತೆಯಾಯಿತು.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣ: ಹೊರಲೋಕದಿಂದ ದೂರವಾದ ಶಿಬಿರಗಳು ವ್ಯಕ್ತಿಪೂಜೆಗೆ ದಾರಿ ಮಾಡುವುದಿಲ್ಲವೇ? ಮಾಡಬಹುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1970ರ ದಶಕದಿಂದ ಯೋಗಿ ಭಜನ್ ಎಂಬ ಬೋಧಕರು ಸಿಖ್ ಮಹಿಳೆಯರಿಗೆ ಶಿಬಿರ ನಡೆಸಿದರು. ಹಲವರಿಗೆ ಅದು ಆತ್ಮವಿಶ್ವಾಸ ತಂದಿತು. ಅವರು ತೀರಿಹೋದ ಮೇಲೆ, 2020ರಲ್ಲಿ, ಅವರ ಸಂಸ್ಥೆಗಳೇ ನೇಮಿಸಿದ ಹೊರಗಿನ ತನಿಖಾಗಾರರು ಅವರ ಮೇಲಿನ ಲೈಂಗಿಕ ದುರ್ವರ್ತನೆಯ ದೂರುಗಳಲ್ಲಿ ಬಹಳಷ್ಟು ನಿಜವಿರುವ ಸಂಭವವೇ ಹೆಚ್ಚೆಂದರು. ಹೆಂಗಸರೇ ತುಂಬಿದ್ದ ಶಿಬಿರದಲ್ಲಿ ಕೊನೆಯ ಮಾತು ಒಬ್ಬ ಗಂಡಸಿನದಾಗಿತ್ತು. ಇದರಿಂದ ಶಿಬಿರಗಳೇ ಬೇಡವೆಂದಾಗುವುದಿಲ್ಲ; ನಡೆಸುವವರು, ಲೆಕ್ಕ ಕೇಳುವವರು, ಪಾಠ ನಿರ್ಧರಿಸುವವರು ಹೆಂಗಸರೇ ಆಗಿರಬೇಕು, ಅವರೂ ಪ್ರಶ್ನೆಗೆ ಹೊರತಾಗಬಾರದು ಎಂದಾಗುತ್ತದೆ. ದೇಹಧಾರಿ ಗುರುವನ್ನು ಬಿಟ್ಟು ಗ್ರಂಥವನ್ನೇ ಗುರುವೆಂದ ಪರಂಪರೆಗೆ ಇದು ಹೊಸ ಪಾಠವೂ ಅಲ್ಲ.

ಆದ್ದರಿಂದ ಇಂಥ ಶಿಬಿರವನ್ನು ಅಳೆಯಬೇಕಾದದ್ದು ಅಲ್ಲಿ ಸಿಕ್ಕ ಮನಶ್ಶಾಂತಿಯಿಂದ ಮಾತ್ರವಲ್ಲ. ಶಿಬಿರ ಮುಗಿಸಿದ ಹುಡುಗಿಗೆ ಮುಂದಿನ ಭಾನುವಾರ ಅವಳ ಊರಿನ ಗುರುದ್ವಾರ ಹುಕುಂ ಓದಲು ಕೊಡುತ್ತದೆಯೇ, ಸಮಿತಿಯ ಸಭೆಗೆ ಅವಳನ್ನು ಕರೆಯುತ್ತದೆಯೇ ಎಂಬುದು ಇನ್ನೂ ದೊಡ್ಡ ಪರೀಕ್ಷೆ. ಆ ಪರೀಕ್ಷೆಯಲ್ಲಿ ಫೇಲಾದರೆ ತಪ್ಪು ಶಿಬಿರದ್ದಲ್ಲ, ಗುರುದ್ವಾರದ್ದು. ಆಗ ತಾಲೀಮು ಬೇಕಾಗುವುದು ಗಂಡಸರಿಗೆ.