ತೆರೆಯ ದೃಶ್ಯಮುದ್ರಣಕ್ಕೆ ಯಾವ ತಂತ್ರಾಂಶ?

ಗಣಕದ ತೆರೆಯಿಂದ ಒಂದು ಗಂಟೆಯ ಪಾಠವನ್ನು ಮುದ್ರಿಸಿಕೊಳ್ಳುತ್ತಿರುವಾಗ, ಕೊನೆಯ ನಿಮಿಷದಲ್ಲಿ ವಿದ್ಯುತ್ತು ನಿಂತಿತೆನ್ನೋಣ. ಉಳಿಯುವುದೇನು? ತಂತ್ರಾಂಶವನ್ನು ಆರಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನಾವು ಭಾವಿಸುತ್ತೇವೆ.

ಸಾಮಾನ್ಯ ಎಂಪಿ4 ಕಡತದಲ್ಲಿ, ಯಾವ ಚಿತ್ರ ಎಲ್ಲಿದೆಯೆಂದು ತಿಳಿಸುವ ಸೂಚಿಯು ಮುದ್ರಣ ಮುಗಿದ ಮೇಲೆಯೇ ಬರೆಯಲ್ಪಡುತ್ತದೆ. ಸೂಚಿಯಿಲ್ಲದ ಕಡತ ತೆರೆಯದು. ಗಂಟೆಯ ಶ್ರಮವೆಲ್ಲ ನೀರುಪಾಲು. ಎಂಕೆವಿ ಕಡತವಾದರೋ ತುಣುಕುತುಣುಕಾಗಿ ಬೆಳೆಯುವುದರಿಂದ, ಅಲ್ಲಿಯವರೆಗಿನ ಪಾಠ ಬಹುಮಟ್ಟಿಗೆ ಉಳಿಯುತ್ತದೆ. 2012ರಲ್ಲಿ ಹೊರಬಂದ ಓಬಿಎಸ್ ಎಂಬ ಉಚಿತ ತಂತ್ರಾಂಶವು ಎಂಕೆವಿಯಲ್ಲಿ ಮುದ್ರಿಸಿ, ಅನಂತರ ಎಂಪಿ4ಕ್ಕೆ ಮಾರ್ಪಡಿಸಿಕೊಡಬಲ್ಲುದು.

ವಿದ್ಯಾರ್ಥಿಮಿತ್ರರು ಹೊರಗಿನ ಬೆಡಗಿಗೆ ಮರುಳಾಗದೆ, ಎರಡು ನಿಮಿಷ ಮುದ್ರಿಸಿ, ನಡುವೆಯೇ ತಂತ್ರಾಂಶವನ್ನು ಬಲವಂತವಾಗಿ ನಿಲ್ಲಿಸಿ, ಕಡತ ತೆರೆಯುವುದೇ ಎಂದು ನೋಡಲಿ. ಪರೀಕ್ಷಿಸಿ ನಂಬುವುದೇ ವಿಜ್ಞಾನದ ಹಾದಿಯಲ್ಲವೆ?